ತಗಡಿನ ಚಪ್ಪರದಡಿಯ ಪರಿಸರವಾದ

ಕುದುರೆಮುಖದ ಕಬ್ಬಿಣದ ಗಣಿಗಾರಿಕೆ 2005ರ ಡಿಸೆಂಬರ್ ಕೊನೆಯ ದಿನಕ್ಕೆ ನಿಂತಿತು. ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರ್‌ನಲ್ಲಿ ನೀಡಿದ ಆದೇಶದ ಹಿಂದೆ ಮಲೆನಾಡಿನ ಹಳ್ಳಿಗರು, ವಿದ್ಯಾರ್ಥಿಗಳು, ವಿಜ್ಞಾನಿಗಳು ವರ್ಷಗಟ್ಟಲೆ ನಡೆಸಿದ ದುಡಿಮೆಯಿತ್ತು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಬೆಟ್ಟಸಾಲು ಡೈನಮೈಟಿನಿಂದ ಪಾರಾಯಿತು. ಆ ಗೆಲುವನ್ನು ಚಳವಳಿಯ ಸಭೆಗಳು ಈಗಲೂ ನೆನೆಯುತ್ತವೆ, ನೆನೆಯುವುದು ನ್ಯಾಯವೇ. ಆದರೆ ಆ ಸಭೆಗಳಲ್ಲಿ ಯಾರೂ ಎತ್ತದ ಪ್ರಶ್ನೆಯೊಂದು ಉಳಿದಿದೆ. ಗಣಿ ನಿಂತ ಮೇಲೆ, ಗೆದ್ದವರ ಮನೆಗಳಲ್ಲಿ ಕಬ್ಬಿಣದ ಬೇಡಿಕೆ ಒಂದು ಕಿಲೋದಷ್ಟಾದರೂ ತಗ್ಗಿತೇ?

ಕುದುರೆಮುಖದ ಅದಿರು ಬಹುಪಾಲು ಹಡಗು ಹತ್ತಿ ಹೊರದೇಶಗಳಿಗೆ ಹೋಗುತ್ತಿತ್ತೆಂಬುದು ನಿಜ. ಹಾಗಾದರೆ ಮಲೆನಾಡಿನ ತೋಟದ ಪಂಪು, ಗೇಟು, ಔಷಧಿ ಸಿಂಪಡಿಸುವ ಯಂತ್ರ, ಮನೆಯಂಗಳದ ವಾಹನ ಇವುಗಳ ಕಬ್ಬಿಣ ಎಲ್ಲಿಯದು? ಅದು ಇನ್ನೊಬ್ಬರ ಗುಡ್ಡ. ಸಂಡೂರಿನದಿರಬಹುದು, ಒಡಿಶಾದ್ದಿರಬಹುದು, ಜಾರ್ಖಂಡದ್ದಿರಬಹುದು. ಬಳ್ಳಾರಿಯ ಗುಡ್ಡಗಳನ್ನು ಬಗೆದು ಮುಗಿಸುವ ಮುನ್ನ 2011ರಲ್ಲಿ ಅಲ್ಲಿಗೂ ನ್ಯಾಯಾಲಯವೇ ಬರಬೇಕಾಯಿತು. ತನ್ನ ಗುಡ್ಡವನ್ನು ಉಳಿಸಿಕೊಂಡು ಪರರ ಗುಡ್ಡದ ಅದಿರನ್ನು ಮೂರು ವರ್ಷಕ್ಕೊಮ್ಮೆ ಗುಜರಿಗೆ ಎಸೆಯುವ ಸಮಾಜಕ್ಕೆ ಪರಿಸರಪ್ರಜ್ಞೆ ಇದೆಯೆಂದು ಒಪ್ಪುವುದು ಕಷ್ಟ.

ಲೆಕ್ಕ ಸರಳವಾಗಿದೆ. ಜಾಗತಿಕ ಉಕ್ಕು ಸಂಘಟನೆಯ ಅಂದಾಜಿನಂತೆ, ಊದುಕುಲುಮೆಯ ಮಾರ್ಗದಲ್ಲಿ ಒಂದು ಟನ್ ಉಕ್ಕು ತಯಾರಾಗಲು ಸುಮಾರು 1.4 ಟನ್ ಅದಿರು, ಸುಮಾರು 0.8 ಟನ್ ಕಲ್ಲಿದ್ದಲು, ಕಾಲು ಟನ್ನಿಗೂ ಮಿಕ್ಕಿ ಸುಣ್ಣದಕಲ್ಲು ಬೇಕು. ಹೊರಬೀಳುವ ಇಂಗಾಲದ ಡೈಆಕ್ಸೈಡು ಎರಡು ಟನ್ನಿನ ಆಸುಪಾಸು. ಟ್ರೇಲರೊಂದರ 200 ಕಿಲೋ ಚೌಕಟ್ಟು ಒಂದೇ ಕಡೆ ಬಿರಿದಿದೆಯೆಂದಿಟ್ಟುಕೊಳ್ಳೋಣ. ಅದನ್ನು ಎಸೆದು ಹೊಸದನ್ನು ತಂದರೆ 280 ಕಿಲೋ ಅದಿರು, 160 ಕಿಲೋ ಕಲ್ಲಿದ್ದಲು ನೆಲದಿಂದ ಮೇಲೇಳಬೇಕು. ಬಿರುಕನ್ನು ಗ್ರೈಂಡರಿನಿಂದ ಬಿಡಿಸಿ ಬೆಸೆದರೆ ಒಂದು ಹಿಡಿ ವೆಲ್ಡಿಂಗ್ ಕಡ್ಡಿ, ಅರ್ಧ ಗಂಟೆಯ ವಿದ್ಯುತ್ತು, ಒಬ್ಬನ ಕೈಚಳಕ ಸಾಕು. ಗುಜರಿಗೆ ಹೋದ ಕಬ್ಬಿಣವೂ ಕರಗಿ ಮತ್ತೆ ಕಬ್ಬಿಣವೇ ಆಗುತ್ತದಲ್ಲವೇ ಎಂದು ಕೇಳುವವರಿದ್ದಾರೆ. ಆಗುತ್ತದೆ. ಆದರೆ ಕರಗಿಸಲು ಕುಲುಮೆ ಉರಿಯಬೇಕು, ಲಾರಿ ಓಡಬೇಕು. ಅದರೊಡನೆ ಹೋದ ರಬ್ಬರು, ಪ್ಲಾಸ್ಟಿಕ್ಕು, ಸರ್ಕ್ಯೂಟ್ ಹಲಗೆಗಳು ಮರಳಿ ತಮ್ಮ ಮೊದಲಿನ ರೂಪಕ್ಕೆ ಬರುವುದಿಲ್ಲ. ಮುರಿದ ಗಡಿಗೆಯನ್ನು ಮಣ್ಣಿಗೆ ಸೇರಿಸುವುದು ಬೇರೆ, ಮುರಿಯದಂತೆ ಬಳಸುವುದು ಬೇರೆ.

ಈ ಎರಡನೆಯ ವಿದ್ಯೆಯನ್ನು ನೋಡಬೇಕಾದವರು ಘಟ್ಟದಿಂದ ಬಯಲಿಗೆ ಇಳಿಯಬೇಕು. ಘಟಪ್ರಭೆಯೂ ಹಾಗೆಯೇ ಇಳಿಯುತ್ತಾಳೆ. ಸಹ್ಯಾದ್ರಿಯಲ್ಲಿ ಹುಟ್ಟಿ, ಹುಕ್ಕೇರಿ ಸೀಮೆಯ ಹಿಡಕಲ್ಲಿನಲ್ಲಿ ಜಲಾಶಯವಾಗಿ, ಗೋಕಾಕದಲ್ಲಿ ಧುಮುಕಿ ಕೃಷ್ಣೆಯತ್ತ ಸಾಗುತ್ತಾಳೆ. ಆ ನೀರಿನ ಬಲದಿಂದಲೇ 1887ರ ಹೊತ್ತಿಗೆ ಜಲಪಾತದ ನೆತ್ತಿಯ ಮೇಲೆ ನೂಲಿನ ಗಿರಣಿ ತಿರುಗಿತು. ಅದೇ ಸೀಮೆಯ ಒಂದು ಊರು ಕೌಜಲಗಿ. ನಾಡಿಗೆ ಈ ಊರಿನ ಹೆಸರು ತಿಳಿದಿರುವುದು ಶ್ರೀಕೃಷ್ಣ ಪಾರಿಜಾತದ ಕಲಾವಿದೆ ಕೌಜಲಗಿ ನಿಂಗಮ್ಮಳಿಂದ. ಅಪರಾಳ ತಮ್ಮಣ್ಣನ ಕೃತಿಯನ್ನು ಸಮೀಪದ ಕುಲಗೋಡದ ತಮ್ಮಣ್ಣ ಆಟಕ್ಕೆ ಒಗ್ಗುವಂತೆ ತಿದ್ದಿದ. ನಿಂಗಮ್ಮ ಅದಕ್ಕೆ ರಂಗದ ಮೇಲೆ ಜೀವ ಕೊಟ್ಟಳು. ಹಳೆಯದನ್ನು ಎಸೆಯದೆ ಬಳಕೆಗೆ ತರುವ ಬುದ್ಧಿ ಆ ಸೀಮೆಯಲ್ಲಿ ಹಾಡುಗಬ್ಬಕ್ಕೂ ಅನ್ವಯವಾಗಿತ್ತು ಎನ್ನಬೇಕು.

ಕೌಜಲಗಿಯಂಥ ಊರುಗಳ ರಸ್ತೆಯಂಚಿನಲ್ಲಿ, ಮನೆಯ ಮುಂಗಟ್ಟಿನಲ್ಲೇ ತಗಡಿನ ಚಪ್ಪರ ಇಳಿಸಿಕೊಂಡ ಕಾರ್ಯಾಗಾರಗಳು ಸಾಮಾನ್ಯ. ಒಂದು ವೆಲ್ಡಿಂಗ್ ಸೆಟ್ಟು, ಗ್ರೈಂಡರು, ಕೊರೆಯುವ ಯಂತ್ರ, ಹಿಡಿಕೆ ಸವೆದ ಸುತ್ತಿಗೆಗಳು, ಮೂಲೆಯಲ್ಲಿ ಯಾರೂ ಮಾರದ, ಯಾರೂ ಎಸೆಯದ ಕಬ್ಬಿಣದ ಗುಪ್ಪೆ. ಆ ಗುಪ್ಪೆಯನ್ನು ಕಸವೆಂದು ಕರೆಯುವವನಿಗೆ ಕಾಡನ್ನು ನೋಡಿ ಸೌದೆಯೆನ್ನುವವನ ಕಣ್ಣು. ಲಾರಿಯ ಸವೆದ ಪಾಟಾ ಸ್ಪ್ರಿಂಗಿನ ಉಕ್ಕು ಗಟ್ಟಿಯೂ ಹೌದು, ಪುಟಿಯುವಂಥದ್ದೂ ಹೌದು; ಕಾಯಿಸಿ ಬಡಿದು ನೀರು ಕುಡಿಸಿದರೆ ಕುಡಗೋಲು, ಕೊಡಲಿ, ರಂಟೆಯ ಕುಡ ಏನು ಬೇಕಾದರೂ ಆಗುತ್ತದೆ. ಹಳೆಯ ಸೈಕಲ್ಲಿನ ಮುಂಗಾಲಿ ಮತ್ತು ಹ್ಯಾಂಡಲ್ಲಿಗೆ ಅಲಗೊಂದನ್ನು ಬೆಸೆದರೆ ಎತ್ತಿಲ್ಲದವನ ಎಡೆಕುಂಟೆ. ಬೋರಿನ ಹಳೆಯ ಪೈಪು ಹಂದರದ ಕಂಬವಾಗುತ್ತದೆ. ಕಬ್ಬಿನ ಟ್ರೇಲರಿನ ಕೊಂಡಿ, ಕೂರಿಗೆಯ ತಾಳು, ಸುಟ್ಟ ಮೋಟಾರಿನ ತಾಮ್ರದ ಸುರುಳಿ ಎಲ್ಲವೂ ಅಲ್ಲಿಯೇ, ಅಥವಾ ಪಕ್ಕದ ಅಂಗಡಿಯಲ್ಲಿ ಸರಿಹೋಗುತ್ತವೆ.

2019ರ ಆಗಸ್ಟಿನಲ್ಲಿ ಘಟ್ಟದ ಮೇಲೆ ಸುರಿದ ಮಳೆ ಘಟಪ್ರಭೆ, ಮಾರ್ಕಂಡೇಯ, ಹಿರಣ್ಯಕೇಶಿಗಳ ಮೂಲಕ ಇಳಿದು ಗೋಕಾಕ ಪಟ್ಟಣವನ್ನೂ ನದಿದಂಡೆಯ ಹಳ್ಳಿಗಳನ್ನೂ ಮುಳುಗಿಸಿತು. ನೀರಿನಲ್ಲಿ ಮುಳುಗಿದ ಮೋಟಾರು ಸತ್ತಿತೆಂದು ತಿಳಿಯುವುದು ನಗರದ ಅಜ್ಞಾನ. ಹೊರಮೈ ಬಿಚ್ಚಿ, ಹೂಳನ್ನು ಸಿಹಿನೀರಿನಲ್ಲಿ ತೊಳೆದು, ಸುರುಳಿಯನ್ನು ಹದವಾದ ಕಾವಿನಲ್ಲಿ ಒಣಗಿಸಿ, ನಿರೋಧಕತೆಯನ್ನು ಅಳೆದು, ವಾರ್ನಿಷ್ ಬಳಿದು, ಬೇರಿಂಗ್ ಬದಲಿಸಿದರೆ ಬಹಳಷ್ಟು ಮೋಟಾರುಗಳು ಮತ್ತೆ ತಿರುಗುತ್ತವೆ. ಸುರುಳಿ ಸುಟ್ಟಿದ್ದರೆ ಹೊಸದಾಗಿ ಸುತ್ತಬೇಕು. ಪ್ರವಾಹ ಇಳಿದ ಊರಿನಲ್ಲಿ ಈ ಕೆಲಸಕ್ಕೆ ಮೊದಲು ಬೇಕಾದವನು ಅಂಗಡಿಯ ಸುತ್ತುಗಾರ. ಪರಿಹಾರದ ಪಟ್ಟಿಗಳಲ್ಲಿ ಅವನಿಗೆ ಸ್ಥಾನವಿಲ್ಲ, ವಿಪತ್ತು ನಿರ್ವಹಣೆಯ ಪುಸ್ತಕಗಳಲ್ಲೂ ಇಲ್ಲ.

ಆಯವೆಂಬ ಕರಾರು

ಹಳೆಯ ಕಾಲದ ಹಳ್ಳಿಯಲ್ಲಿ ಕಮ್ಮಾರನಿಗೂ ಬಡಿಗನಿಗೂ ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದರು. ಅದನ್ನು ಆಯವೆಂದರು. ಈ ಕೂಲಿಯ ಸ್ವರೂಪವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಸ್ವಲ್ಪ ನಿಧಾನವಾಗಿ ನೋಡಬೇಕು. ಕಮ್ಮಾರನಿಗೆ ಕಾಳು ದೊರೆಯುತ್ತಿದ್ದುದು ಹೊಸ ಕುಡವನ್ನು ಮಾರಿದ್ದಕ್ಕಲ್ಲ. ವರ್ಷವಿಡೀ ರೈತನ ಸಲಕರಣೆ ಹದವಾಗಿರುವಂತೆ ನೋಡಿಕೊಂಡದ್ದಕ್ಕೆ. ಕುಡ ಬೇಗ ಸವೆದರೆ ಕಷ್ಟ ಅವನಿಗೇ. ಆದ್ದರಿಂದ ಬಾಳಿಕೆ ಬರುವಂತೆ ಮಾಡುವುದು ಮಾಡುವವನ ಹಿತವೂ ಆಗಿತ್ತು. ಇಂದಿನ ಮಾರುಕಟ್ಟೆ ಈ ಕರಾರನ್ನು ತಲೆಕೆಳಗು ಮಾಡಿದೆ. ವಸ್ತು ಬೇಗ ಕೆಟ್ಟಷ್ಟೂ, ಕೆಟ್ಟದ್ದು ರಿಪೇರಿಯಾಗದಷ್ಟೂ ತಯಾರಕನಿಗೆ ಲಾಭ.

ಆಯದ ಪದ್ಧತಿಗೆ ಮಂಗಳಾರತಿ ಎತ್ತುವ ಅಗತ್ಯವೇನೂ ಇಲ್ಲ. ಅದು ಜಾತಿಗೆ ಕಟ್ಟಿದ ಕಸುಬು. ಕಮ್ಮಾರನ ಮಗ ಕಮ್ಮಾರನೇ ಆಗಬೇಕು, ಹೊಲಗೇರಿಯ ಹುಡುಗ ತಿದಿಯನ್ನು ಮುಟ್ಟಬಾರದು, ಅಳತೆಯ ಕೊಳಗ ಮಾತ್ರ ಗೌಡನ ಕೈಯಲ್ಲಿ. ವೆಲ್ಡಿಂಗ್ ಅಂಗಡಿ ಆ ಕಟ್ಟನ್ನು ಕೆಲಮಟ್ಟಿಗಾದರೂ ಸಡಿಲಿಸಿತು. ಐ.ಟಿ.ಐ.ಯಲ್ಲಿ ವೆಲ್ಡರ್ ತರಬೇತಿ ಒಂದೇ ವರ್ಷದ್ದು, ಎಂಟನೆಯ ತರಗತಿ ಪಾಸಾದವನಿಗೂ ಪ್ರವೇಶವುಂಟು. ಸೆಟ್ಟಿಗೆ ಸಾಲ ಹುಟ್ಟಿದರೆ ಕಸುಬು ಹುಟ್ಟಿತು. ಹುಕ್ಕೇರಿಯಲ್ಲಿ 1969ರಲ್ಲಿಯೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸ್ಥಾಪನೆಯಾಯಿತು. ವಿದ್ಯುತ್ತು ಊರೊಳಗೆ ಬಂದಾಗ ಹಿಟ್ಟಿನ ಗಿರಣಿಯ ಜೊತೆಗೆ ಇಂಥ ಅಂಗಡಿಗಳಿಗೂ ದಾರಿಯಾಯಿತು.

ಇದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಥೆ ಇಲ್ಲಿ ಪ್ರಸ್ತುತ. 1888ರಲ್ಲಿ ಬೆಳಗಾವಿಯಲ್ಲಿ ಅವರ ಉದ್ಯಮ ಆರಂಭವಾದದ್ದು ಸೈಕಲ್ ಅಂಗಡಿಯಾಗಿ. ಅಲ್ಲಿಂದ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ನೆಲಕ್ಕೆ ವಿಷವೆಂದು ರೈತರು ಹಿಂಜರಿದುದರಿಂದ ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತಂತೆ. 1910ರಲ್ಲಿ ಔಂಧದ ರಾಜರ ನೆರವಿನಿಂದ ಕಿರ್ಲೋಸ್ಕರವಾಡಿ ಎದ್ದಿತು. ದೇಶದ ದೊಡ್ಡ ಯಂತ್ರೋದ್ಯಮಗಳಲ್ಲೊಂದು ಸೈಕಲ್ ಅಂಗಡಿಯಿಂದ ಬೆಳೆಯಿತೆಂಬುದನ್ನು ಇಂದಿನ ಉದ್ಯಮಿಗಳು ಭಾಷಣಗಳಲ್ಲಿ ಹೇಳುತ್ತಾರೆ. ಇಂದಿನ ಸೈಕಲ್ ಅಂಗಡಿಗೆ ಮಾತ್ರ ಬಿಡಿಭಾಗ ಸಿಗದಂತೆ ನೋಡಿಕೊಳ್ಳುತ್ತಾರೆ.

ಮಾಡುವ ಬುದ್ಧಿ ರಿಪೇರಿಯ ಹೊಟ್ಟೆಯಲ್ಲಿ ಹುಟ್ಟುತ್ತದೆ ಎನ್ನಲು ಹಳೆಯ ಕಾಲಕ್ಕೇ ಹೋಗಬೇಕಿಲ್ಲ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆಯ ಬೀಜ ಬಿಡಿಸುವ ಯಂತ್ರದಿಂದ ಹಿಡಿದು ಬಿತ್ತನೆಯ ಕೂರಿಗೆಯವರೆಗೆ ರೈತನ ಕೈಗೆ ಒಗ್ಗುವ ಸಲಕರಣೆಗಳನ್ನು ರೂಪಿಸಿದರು. 2022ರಲ್ಲಿ ಪದ್ಮಶ್ರೀ ಬಂತು. ಬಂಟ್ವಾಳ ತಾಲೂಕಿನ ಸಜೀಪಮೂಡದ ಗಣಪತಿ ಭಟ್ಟರು ರೂಪಿಸಿದ ಅಡಿಕೆ ಮರ ಹತ್ತುವ ಬೈಕು 2019ರಲ್ಲಿ ನಾಡಿನ ಗಮನ ಸೆಳೆಯಿತು. ಕೊನೆಗೌಡರು ಸಿಗದೆ ಪರದಾಡುವ ಮಲೆನಾಡಿನ ಬೆಳೆಗಾರರಿಗೆ ಅದರ ಬೆಲೆ ಹೇಳಿಕೊಡಬೇಕಾಗಿಲ್ಲ. ಪ್ರಶಸ್ತಿ ಬಂದ ಮೇಲೆ ಹಾರ ಹಾಕುವ ಸಮಾಜ, ಪ್ರಶಸ್ತಿ ಬರುವ ಮುನ್ನ ಇಂಥವರನ್ನು ಮೆಕ್ಯಾನಿಕ್ಕು ಎಂದಷ್ಟೇ ಕರೆಯುತ್ತದೆ. ಎಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷದಲ್ಲಿ ಒಂದು ಲ್ಯಾಪ್ ಜಾಯಿಂಟು ಬೆಸೆದು, ಅದನ್ನೂ ಸಹಾಯಕನ ಕೈಯಿಂದಲೇ ಮಾಡಿಸಿ, ಅಂಕ ಪಡೆದವನು ಎಂಜಿನಿಯರು.

ಬೀಗ ಯಾರ ಕೈಯಲ್ಲಿ

ಈಗ ಈ ಚಪ್ಪರಗಳ ಮೇಲೆ ಬಂದಿರುವ ಕುತ್ತು ಬೇರೆ ಬಗೆಯದು. 2020ರ ಏಪ್ರಿಲ್ ಒಂದರಿಂದ ದ್ವಿಚಕ್ರ ವಾಹನಗಳಿಗೂ ಬಿ.ಎಸ್. 6 ಮಾನದಂಡ ಕಡ್ಡಾಯವಾಯಿತು. ಕಾರ್ಬ್ಯುರೇಟರ್ ಹೋಗಿ ಇಂಧನ ಚಿಮ್ಮಿಸುವ ವ್ಯವಸ್ಥೆ, ಅದನ್ನು ಆಳುವ ಕಂಪ್ಯೂಟರ್ ಪೆಟ್ಟಿಗೆ ಬಂತು. 2023ರ ಜನವರಿಯಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೂ ಬಿಗಿಯಾದ ಹೊಗೆಮಿತಿ ಬಂತು. ದೋಷ ಎಲ್ಲಿದೆಯೆಂದು ಪೆಟ್ಟಿಗೆ ಸಂಕೇತದಲ್ಲಿ ಹೇಳುತ್ತದೆ. ಆ ಸಂಕೇತವನ್ನು ಪೂರ್ತಿಯಾಗಿ ಓದುವ ಸಾಧನ, ಓದಿದ್ದನ್ನು ಸರಿಪಡಿಸುವ ತಂತ್ರಾಂಶ ಕಂಪನಿಯ ಅಧಿಕೃತ ಕೇಂದ್ರದಲ್ಲಿ. ಕಬ್ಬು ಕಡಿದು ಗದ್ದೆಯಲ್ಲಿ ಒಣಗುತ್ತಿರುವಾಗ ಟ್ರ್ಯಾಕ್ಟರು ನಿಂತರೆ, ಕೌಜಲಗಿಯ ಮೆಕ್ಯಾನಿಕ್ಕಿನ ಮೂವತ್ತು ವರ್ಷದ ಅನುಭವ ಆ ಬೀಗದ ಮುಂದೆ ಕೈಕಟ್ಟಿ ನಿಲ್ಲುತ್ತದೆ.

ಇಲ್ಲಿ ಪರಿಸರವಾದಿಗಳು ಮುಖ ತಿರುಗಿಸುವಂತಿಲ್ಲ. ಹೊಗೆಯ ಮಿತಿ ಬಿಗಿಯಾಗಲೆಂದು ಕೇಳಿದವರು ಅವರೇ, ಕೇಳಿದ್ದು ಸರಿ. ಆದರೆ ಗಾಳಿ ಶುದ್ಧವಾಗಿರಲು ಬೇಕಾದುದು ಒಳ್ಳೆಯ ಇಂಜಿನ್. ಅದರ ಬೀಗದ ಕೈ ಕಂಪನಿಯ ಜೇಬಿನಲ್ಲಿ ಮಾತ್ರ ಇರಬೇಕೆಂದು ಯಾವ ಪರಿಸರ ನಿಯಮವೂ ಕೇಳುವುದಿಲ್ಲ. ಹಸಿರಿನ ಹೆಸರಿನಲ್ಲಿ ಬಂದ ಬದಲಾವಣೆಯ ಬೆನ್ನೇರಿ ಏಕಸ್ವಾಮ್ಯ ಒಳನುಗ್ಗಿದಾಗ ಚಳವಳಿ ಸುಮ್ಮನಿತ್ತು. ರಿಪೇರಿಯೆಂಬುದು ತನ್ನ ವಿಷಯವೆಂದು ಅದಕ್ಕೆ ತೋರಲೇ ಇಲ್ಲ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿ ನೇಮಿಸಿತು. ಆಯ್ದ ನಾಲ್ಕು ವಲಯಗಳಲ್ಲಿ ಕೃಷಿ ಉಪಕರಣವೂ ಒಂದು. ಅದೇ ಡಿಸೆಂಬರ್ 24ರಂದು ಜಾಲತಾಣವೊಂದು ಉದ್ಘಾಟನೆಯಾಯಿತು. ಕಂಪನಿಗಳು ಇಷ್ಟವಿದ್ದಷ್ಟು ಮಾಹಿತಿಯನ್ನು ಅಲ್ಲಿ ಹಾಕಬಹುದು. ಮುಂದೆ ದುರಸ್ತಿ ಸೂಚ್ಯಂಕಕ್ಕಾಗಿ ಇನ್ನೊಂದು ಸಮಿತಿ. ಅದರ ವರದಿ 2025ರ ಮೇ ತಿಂಗಳಲ್ಲಿ ಸಲ್ಲಿಕೆಯಾಯಿತು, ವಿಷಯ ಮೊಬೈಲು ಮತ್ತು ಇಲೆಕ್ಟ್ರಾನಿಕ್ ವಸ್ತುಗಳು. ರೈತನ ಯಂತ್ರ ಸಾಲಿನಲ್ಲಿ ಹಿಂದೆ ಸರಿಯಿತು. ಜಾಲತಾಣ ಕಾಯಿದೆಯಲ್ಲ, ಸೂಚ್ಯಂಕ ಹಕ್ಕಲ್ಲ. ಅಮೆರಿಕದ ಕೊಲರಾಡೊ ರಾಜ್ಯ 2023ರಲ್ಲಿ ಕಾಯಿದೆ ಮಾಡಿ, 2024ರ ಆರಂಭದಿಂದ ಕೃಷಿ ಯಂತ್ರಗಳ ತಯಾರಕರು ಬಿಡಿಭಾಗ, ಕೈಪಿಡಿ, ಸಾಧನ, ತಂತ್ರಾಂಶಗಳನ್ನು ರೈತರಿಗೂ ಸ್ವತಂತ್ರ ಮೆಕ್ಯಾನಿಕ್ಕುಗಳಿಗೂ ಒದಗಿಸಬೇಕೆಂದು ವಿಧಿಸಿತು. ಅಲ್ಲಿ ಅದನ್ನು ಗಳಿಸಿಕೊಟ್ಟವರು ಟ್ರ್ಯಾಕ್ಟರು ನಿಂತು ಸುಗ್ಗಿ ತಪ್ಪಿದ ರೈತರು.

ಇದು ಪರದೇಶದಿಂದ ಬಂದ ಹೊಸ ವಿಚಾರವೇನೂ ಅಲ್ಲ. ಅಖಿಲ ಭಾರತ ಚರಕಾ ಸಂಘವು 1929ರಲ್ಲಿ ಉತ್ತಮ ಚರಕಕ್ಕಾಗಿ ಒಂದು ಲಕ್ಷ ರೂಪಾಯಿಯ ಬಹುಮಾನ ಸಾರಿತು. ಷರತ್ತುಗಳನ್ನು ನೋಡಬೇಕು: ಬೆಲೆ 150 ರೂಪಾಯಿಗೆ ಮೀರಬಾರದು, 20 ವರ್ಷ ನಿಲ್ಲದೆ ನಡೆಯಬೇಕು, ವರ್ಷದ ದುರಸ್ತಿಯ ವೆಚ್ಚ ಬೆಲೆಯ ನೂರಕ್ಕೆ 5ರೊಳಗಿರಬೇಕು. ಯಂತ್ರವನ್ನು ರೂಪಿಸುವ ಮುನ್ನವೇ ಅದರ ರಿಪೇರಿಯ ಲೆಕ್ಕ ಕೇಳಿದ್ದರು. ಬಹುಮಾನ ಯಾರಿಗೂ ದಕ್ಕಲಿಲ್ಲವೆಂಬುದು ಬೇರೆ ಮಾತು. ಅದೇ ಗಾಂಧೀಜಿ 1937ರ ಏಪ್ರಿಲ್‌ನಲ್ಲಿ ಗಾಂಧಿ ಸೇವಾ ಸಂಘದ ಅಧಿವೇಶನಕ್ಕೆಂದು ಗಂಗಾಧರರಾವ್ ದೇಶಪಾಂಡೆಯವರ ಹುದಲಿಗೆ ಬಂದು ತಂಗಿದ್ದರು. ಹುದಲಿಗೂ ಗೋಕಾಕ ಸೀಮೆಗೂ ನಡುವೆ ಬಹಳ ದೂರವಿಲ್ಲ.

ತಯಾರಕರ ಕಡೆಯಿಂದ ಬರುವ ವಾದ ಸುರಕ್ಷತೆಯದು. ಅದನ್ನು ಪೂರ್ತಿ ತಳ್ಳಿಹಾಕುವುದು ಅಪ್ರಾಮಾಣಿಕತೆಯಾದೀತು. ಟ್ರೇಲರಿನ ಕೊಂಡಿಗೆ ಹಾಕಿದ ಟೊಳ್ಳು ಬೆಸುಗೆ ರಸ್ತೆಯಲ್ಲಿ ಜೀವ ತೆಗೆಯಬಲ್ಲದು. ಪಾಟಾ ಸ್ಪ್ರಿಂಗಿನಂಥ ಗಡಸು ಉಕ್ಕನ್ನು ಮೊದಲು ಕಾಯಿಸದೆ ಬೆಸೆದರೆ ಬೆಸುಗೆಯ ಪಕ್ಕದಲ್ಲೇ ಬಿರಿಯುತ್ತದೆ. ಅಡ್ಡಾದಿಡ್ಡಿ ಸುತ್ತಿದ ಮೋಟಾರು ಉಳಿದ ಆಯುಷ್ಯವೆಲ್ಲ ಹೆಚ್ಚು ವಿದ್ಯುತ್ತನ್ನು ತಿನ್ನುತ್ತದೆ. ಎಲ್ಲ ಹಳೆಯದನ್ನೂ ಉಳಿಸಬೇಕೆಂಬ ಹಟ ಪರಿಸರಕ್ಕೆ ಹಿತವಲ್ಲ. ಆದರೆ ಅಜ್ಞಾನದಿಂದ ಅಪಾಯವೆನ್ನುವವರು ಜ್ಞಾನವನ್ನು ಬಚ್ಚಿಡುವುದೇಕೆ? ನಕ್ಷೆ ಕೊಡಲಿ, ಉಕ್ಕಿನ ಜಾತಿ ತಿಳಿಸಲಿ, ಎಲ್ಲಿ ಬೆಸೆಯಬಾರದೆಂದು ಕನ್ನಡದಲ್ಲಿ ಅಚ್ಚುಹಾಕಲಿ.

ಹೊಗೆ

ಚಪ್ಪರದಡಿಯ ಮನುಷ್ಯನ ಮೈಯ ವಿಷಯಕ್ಕೆ ಬಂದರೆ ಹಾಡಿಹೊಗಳುವ ಬಾಯಿ ಕಟ್ಟುತ್ತದೆ. ಬೆಸುಗೆಯ ಹೊಗೆ ಮತ್ತು ಕಿರಣ ಎರಡನ್ನೂ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವಂಥವೆಂದು ವರ್ಗೀಕರಿಸಿದೆ. ಸತುವಿನ ಲೇಪವಿರುವ ತಗಡನ್ನು ಬೆಸೆದ ರಾತ್ರಿ ಜ್ವರ, ನಡುಕ. ಇದಕ್ಕೆ ಬೆಲ್ಲ ತಿಂದರೆ ಸರಿಹೋಗುತ್ತದೆಂಬ ನಂಬಿಕೆ. ಕಪ್ಪು ಗಾಜಿಲ್ಲದೆ ಕಿಡಿ ನೋಡಿದವನಿಗೆ ಮಧ್ಯರಾತ್ರಿ ಕಣ್ಣಲ್ಲಿ ಮರಳು ಸುರಿದಂಥ ಉರಿ, ಅದಕ್ಕೆ ಆಲೂಗಡ್ಡೆಯ ಹೋಳು. ಬೆಲ್ಲ ಪುಪ್ಪುಸವನ್ನು ತೊಳೆಯುವುದಿಲ್ಲ. ತೆರೆದ ಗಾಳಿ, ಹೊಗೆಯನ್ನು ಪಕ್ಕಕ್ಕೆ ಎಳೆಯುವ ಫ್ಯಾನು, ಬೆಸೆಯುವ ಜಾಗದಲ್ಲಿ ಸತುವನ್ನೂ ಬಣ್ಣವನ್ನೂ ಕೆರೆದು ತೆಗೆಯುವುದು, ಮುಖಕ್ಕೆ ಸರಿಯಾದ ಕಪ್ಪುಗಾಜಿನ ಗುರಾಣಿ, ಮೂಗಿಗೆ ಹೊಗೆ ತಡೆಯುವ ಮುಸುಕು ಬೇಕು. ಇವುಗಳ ಬೆಲೆ ಒಂದು ವಿಚಾರ ಸಂಕಿರಣದ ಊಟದ ಖರ್ಚಿಗಿಂತ ಹೆಚ್ಚಿಲ್ಲ. ಗಣಿಯ ಧೂಳಿನಿಂದ ಕೂಲಿಯ ಎದೆ ಕೆಟ್ಟಾಗ ದನಿಯೆತ್ತಿದ ಚಳವಳಿಗೆ, ಗಣಿಯ ಅಗತ್ಯವನ್ನೇ ತಗ್ಗಿಸುವವನ ಎದೆ ಕಾಣದೆ ಹೋದದ್ದು ಹೇಗೆ?

ಮಲೆನಾಡಿನ ವಿದ್ಯಾರ್ಥಿಗಳು 2002ರ ಜೀವವೈವಿಧ್ಯ ಕಾಯಿದೆಯ ಅನ್ವಯ ಜನತಾ ಜೀವವೈವಿಧ್ಯ ದಾಖಲಾತಿಗಾಗಿ ಹಳ್ಳಿಹಳ್ಳಿ ತಿರುಗಿ ಗಿಡ, ಹಕ್ಕಿ, ನಾಟಿ ತಳಿಗಳ ಪಟ್ಟಿ ಮಾಡಿದ್ದಾರೆ. ಅದೇ ಮಾದರಿಯಲ್ಲಿ ಪ್ರತಿ ಹೋಬಳಿಗೆ ಒಂದು ದುರಸ್ತಿ ದಾಖಲಾತಿ ಏಕಾಗಬಾರದು? ಮೋಟಾರು ಸುತ್ತುವವರು ಯಾರು, ಗರಗಸಕ್ಕೆ ಹಲ್ಲು ಕೊಡುವವರು ಯಾರು, ಎರಕದ ಕಬ್ಬಿಣ ಬಿರಿದರೆ ಬೆಸೆಯಬಲ್ಲವರು ಯಾರು, ಅವರ ವಯಸ್ಸೆಷ್ಟು, ಅವರ ಬಳಿ ಕಲಿಯುತ್ತಿರುವವರು ಇದ್ದಾರೆಯೇ, ಯಾವ ಕಂಪನಿಯ ಯಾವ ಯಂತ್ರ ಬಿಡಿಭಾಗವಿಲ್ಲದೆ ಮೂಲೆ ಸೇರಿದೆ. ಈ ಕೊನೆಯ ಕಲಮಿನಲ್ಲಿ ಯಂತ್ರದ ಹೆಸರು, ಕೊಂಡ ವರ್ಷ, ಕೆಟ್ಟ ಭಾಗ, ಅಧಿಕೃತ ಕೇಂದ್ರ ಹೇಳಿದ ಬೆಲೆ ಇಷ್ಟು ತುಂಬಿದರೆ ಸಾಕು. ಹತ್ತು ಹೋಬಳಿಗಳ ಇಂಥ ಪಟ್ಟಿ ಕೈಯಲ್ಲಿದ್ದರೆ ಗ್ರಾಹಕ ವ್ಯವಹಾರಗಳ ಇಲಾಖೆಯ ಮುಂದೆ ಇಡಲು ದಾಖಲೆಯಾಗುತ್ತದೆ. ಮುಂಗಾರಿಗೆ ಮುನ್ನ, ಪಂಪುಗಳೆಲ್ಲ ರಿಪೇರಿಗೆ ಬರುವ ಬೇಸಿಗೆಯಲ್ಲಿ ಆರಂಭಿಸುವುದು ಅನುಕೂಲ. ಆಗ ಎಲ್ಲ ಸುತ್ತುಗಾರರೂ ಅಂಗಡಿಯಲ್ಲೇ ಸಿಗುತ್ತಾರೆ, ಮಾತಿಗೆ ಮಾತ್ರ ಬಿಡುವಿರುವುದಿಲ್ಲ.